ಎಡಗಿವಿಯ ಹಾಡು

ನರೇಂದ್ರನ ಎಡಗಿವಿ ಕೇಳಿಸುವುದಿಲ್ಲ. ಹನ್ನೊಂದು ವರ್ಷ ಈ ಸಂಗತಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವನಿಗೆ ಮತ್ತು ನನಗೆ. ಈಗ ಊರಿಗೆಲ್ಲ ಗೊತ್ತು. ಗೊತ್ತು ಮಾಡಿದವಳು ನಾನೇ. ಬಾಯಿ ತಪ್ಪಿ ಆಡಿದ್ದಲ್ಲ, ಮೂರು ತಿಂಗಳು ಕೂತು, ಬೆಸುಗೆ ಹಾಕಿ, ಬೇಕೆಂದೇ ಮಾಡಿದ್ದು. ಆ ಕಿವಿ ಹೋದದ್ದು ಹೇಗೆ ಎಂಬುದೂ ಬರುತ್ತದೆ, ಅವಸರ ಮಾಡಬೇಡಿ. ಮೊದಲು ಅವನು ನನಗೇನು ಮಾಡಿದ ಎಂದು ಕೇಳಿ.

ನನ್ನ ಹೆಸರು ಮಮತಾ. ಹೆಸರಿಟ್ಟವರನ್ನು ಬೈಯಬೇಡಿ, ಆಗ ಅವರಿಗೆ ನನ್ನ ಸ್ವಭಾವ ತಿಳಿದಿರಲಿಲ್ಲ. ನಾನು ಚನ್ನಪಟ್ಟಣದಲ್ಲಿ ಹೆಡ್‌ಫೋನ್ ಆಂಪ್ಲಿಫೈಯರ್ ಮಾಡುತ್ತೇನೆ. ಮೊಬೈಲಿನಿಂದ ಬರುವ ಬಡಕಲು ಸದ್ದಿಗೆ ಕಸುವು ತುಂಬಿ ಹೆಡ್‌ಫೋನಿಗೆ ದಾಟಿಸುವ ಪೆಟ್ಟಿಗೆ ಅದು. ಬೇರೆಯವರದು ಕಬ್ಬಿಣದ ಡಬ್ಬಿ, ನನ್ನದು ಆಲೆ ಮರದ್ದು. ಬೊಂಬೆ ಕಡೆಯುವ ಶೋಯೆಬ್ ತನ್ನ ಲೇತ್ ಮೇಲೆ ಅದನ್ನು ದುಂಡಗೆ ಕಡೆದು, ಅರಗು ಹಚ್ಚಿ, ಕೇದಗೆ ಎಲೆಯಲ್ಲಿ ಉಜ್ಜಿ ಹೊಳಪು ಕೊಡುತ್ತಾನೆ. ನೋಡಲು ಪುಟ್ಟ ಗಿಂಡಿಯ ಹಾಗಿರುವುದರಿಂದ ಹೆಸರೂ ಗಿಂಡಿ ಎಂದೇ ಇಟ್ಟೆವು.

ಗಿಂಡಿಗೆ ಎರಡು ಗುಣಗಳಿವೆ. ಅಡಿಯಲ್ಲಿ ಒಂದು ಪುಟ್ಟ ಸ್ವಿಚ್ಚಿದೆ, ದೊಡ್ಡ ಹೆಡ್‌ಫೋನ್ ಸಿಕ್ಕಿಸಿದರೆ ಅದನ್ನು ಮೇಲಕ್ಕೆ ತಳ್ಳಬೇಕು, ಕಿವಿಯೊಳಗೆ ಕೂರುವ ಸಣ್ಣ ಇಯರ್‌ಫೋನಾದರೆ ಕೆಳಕ್ಕೆ. ಜೋಡಿ ಸರಿಯಿಲ್ಲದಿದ್ದರೆ ಎಂಥ ಒಳ್ಳೆಯ ಆಂಪೂ ಬುಸ್ ಎನ್ನುತ್ತದೆ. ಎರಡನೆಯದು, ಆನ್ ಮಾಡಿದ ಮೇಲೆ ಗಿಂಡಿ ನಾಲ್ಕು ಸೆಕೆಂಡು ಸುಮ್ಮನಿರುತ್ತದೆ. ಆನ್ ಆಗುವ ಗಳಿಗೆಯಲ್ಲಿ ಒಳಗೆ ಕರೆಂಟು ಒಮ್ಮೆ ಒದೆಯುತ್ತದೆ, ಆ ಒದೆ ಕಿವಿಗೆ ಹೋಗಬಾರದು. ನಾಲ್ಕು ಸೆಕೆಂಡು ಕಳೆದ ಮೇಲೆ ಒಳಗೊಂದು ಕೊಂಡಿ ಟಕ್ಕೆಂದು ಬೀಳುತ್ತದೆ, ಆಮೇಲೆಯೇ ಹಾಡು.

ನರೇಂದ್ರ ಸಾತನೂರಿನವನು. ಪಾಲಿಟೆಕ್ನಿಕ್ಕಿನಲ್ಲಿ ನನ್ನ ಪಕ್ಕದ ಬೆಂಚು. ನಾವು ಪ್ರೀತಿಸಿದೆವೇ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ, ಇಲ್ಲ. ನಾವು ಬೆಸುಗೆ ಹಾಕಿದೆವು. ಚನ್ನಪಟ್ಟಣದ ಬಾಡಿಗೆ ಕೋಣೆಯಲ್ಲಿ ಮೊದಲ ಗಿಂಡಿ ಮಾಡಿದ್ದು ಇಬ್ಬರೂ ಸೇರಿ. ಆಮೇಲೆ ಅವನಿಗೆ ಮಾತಿನ ಚಟ ಹತ್ತಿತು, ಯೂಟ್ಯೂಬಿನಲ್ಲಿ ಚಾನೆಲ್ ಶುರು ಮಾಡಿದ. ಈ ಆಂಪ್ ಒಳ್ಳೆಯದೋ ಆ ಆಂಪೋ, ಯಾವುದಕ್ಕೆ ಯಾವ ಹೆಡ್‌ಫೋನ್ ಜೋಡಿ ಎಂದು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇರೆ ಯಾರೂ ಇರಲಿಲ್ಲ. ಮೂರು ಲಕ್ಷ ಜನ ಅವನ ಮಾತು ನಂಬಿ ಕೊಳ್ಳುತ್ತಿದ್ದರು. ಒಂದೇ ಕಿವಿಯಲ್ಲಿ ಕೇಳಿ ಎರಡು ಕಿವಿಯವರಿಗೆ ಬುದ್ಧಿ ಹೇಳುತ್ತಿದ್ದ. ನಾನು ಬಾಯಿ ಬಿಡಲಿಲ್ಲ, ಅದು ಅವನ ಹೊಟ್ಟೆಪಾಡು.

ಹೋದ ವರ್ಷ ಅವನೇ ಒಂದು ಆಂಪ್ ಮಾರುಕಟ್ಟೆಗೆ ಬಿಟ್ಟ. ಹೆಸರು ಶಿಖರ. ಅದು ಬರುವ ಮುಂಚೆ ಒಂದು ವಿಡಿಯೋ ಬಂತು, ಗಿಂಡಿಗೂ ಶಿಖರಕ್ಕೂ ಹೋಲಿಕೆ. ನಾನು ಚಹಾ ಕುಡಿಯುತ್ತಾ ನೋಡಲು ಕೂತೆ. ಚಹಾ ಆರಿಹೋಯಿತು. ಗಿಂಡಿ ಚೆಂದದ ಬೊಂಬೆ, ಆದರೆ ಬುಸುಗುಡುತ್ತದೆ ಎಂದ. ತನ್ನ ಇಯರ್‌ಫೋನ್ ಸಿಕ್ಕಿಸಿ ಆ ಬುಸುಬುಸು ಸದ್ದನ್ನು ಮೈಕಿಗೆ ಹಿಡಿದು ಕೇಳಿಸಿದ. ಏಳನೆಯ ನಿಮಿಷದಲ್ಲಿ ಅವನು ಗಿಂಡಿಯನ್ನು ಎತ್ತಿ ತಿರುಗಿಸಿದಾಗ ನಾನು ವಿಡಿಯೋ ನಿಲ್ಲಿಸಿ ನೋಡಿದೆ. ಅಡಿಯ ಸ್ವಿಚ್ಚು ಮೇಲಕ್ಕಿತ್ತು. ಆ ಸ್ವಿಚ್ಚನ್ನು ಅಲ್ಲಿ ಕೂರಿಸಿದವನೇ ಅವನು. ಸಾಲದ್ದಕ್ಕೆ ಶಿಖರದ ವಾಲ್ಯೂಮನ್ನು ಒಂದು ಕೂದಲೆಳೆಯಷ್ಟು ಹೆಚ್ಚಿಗೆ ಇಟ್ಟಿದ್ದ. ತುಸು ಜೋರಾಗಿ ಕೇಳಿದ್ದೇ ಎಲ್ಲರಿಗೂ ಚೆನ್ನಾಗಿ ಕೇಳಿದಂತೆ ಅನ್ನಿಸುತ್ತದೆ, ಈ ಕಸುಬಿನ ಅತಿ ಹಳೆಯ ಮೋಸ ಅದು.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಕೊನೆಯಲ್ಲಿ ಅವನು ಗಿಂಡಿ ಆನ್ ಮಾಡಿ, ಕೈಗಡಿಯಾರ ನೋಡಿಕೊಳ್ಳುತ್ತಾ, ಈ ನಾಲ್ಕು ಸೆಕೆಂಡು ಯಾಕೆಂದು ಮಾಡಿದವರಿಗೇ ಗೊತ್ತಿಲ್ಲ, ಅಷ್ಟರಲ್ಲಿ ಒಂದು ನಿದ್ದೆ ತೆಗೆಯಬಹುದು ಎಂದು ನಕ್ಕ. ಯಾಕೆಂದು ಅವನಿಗೆ ಗೊತ್ತಿತ್ತು. ಈ ಭೂಮಿಯ ಮೇಲೆ ಅವನಷ್ಟು ಚೆನ್ನಾಗಿ ಅದು ಗೊತ್ತಿರುವ ಇನ್ನೊಬ್ಬನಿಲ್ಲ. ಆ ನಗು ಕೇಳಿದ ಗಳಿಗೆಯಲ್ಲೇ ನಾನು ಅವನನ್ನು ಬಿಡಬಾರದೆಂದು ತೀರ್ಮಾನಿಸಿದೆ.

ವಾರದೊಳಗೆ, ಮೊದಲು ಬಂದಿದ್ದ ಆರ್ಡರುಗಳೆಲ್ಲ ವಾಪಸ್ಸಾದವು. ಕಡೆದಿಟ್ಟ ಮರದ ಗಿಂಡಿಗಳು ಶೋಯೆಬ್‌ನ ಅಂಗಡಿಯಲ್ಲಿ ಸಾಲಾಗಿ ಕೂತವು. ಅವನು ಕೆಲವು ತಿಂಗಳು ಕಾದ, ಆಮೇಲೆ ಅವಕ್ಕೆ ಮುಚ್ಚಳ ಕಡೆದು, ಹೆದ್ದಾರಿಯಲ್ಲಿ ಕಾರು ನಿಲ್ಲಿಸುವವರಿಗೆ ಕುಂಕುಮದ ಭರಣಿ ಎಂದು ಮಾರಿದ. ನನಗೆ ಹೇಳದೆಯೇ ಮಾರಿದ, ಹೇಳಲು ಮುಖವಿರಲಿಲ್ಲವಂತೆ. ನಾನು ಆ ಅಂಗಡಿಯ ಮುಂದೆ ಹೋಗುವಾಗ ಒಬ್ಬಾಕೆ ನನ್ನ ಆಂಪಿನ ಹೊಟ್ಟೆಯೊಳಗೆ ಬೆರಳು ಹಾಕಿ ಎಷ್ಟು ಕುಂಕುಮ ಹಿಡಿಸುತ್ತದೆ ಎಂದು ನೋಡುತ್ತಿದ್ದಳು.

ಒಂದು ಉತ್ತರದ ವಿಡಿಯೋ ಮಾಡು ಎಂದು ಎಲ್ಲರೂ ಹೇಳಿದರು. ಸ್ವಿಚ್ಚು ತೋರಿಸು, ಮೋಸ ಬಯಲು ಮಾಡು ಎಂದರು. ಹಾಗೆ ಮಾಡಿದರೆ ಅವನು ಕ್ಷಮೆ ಕೇಳುತ್ತಾನೆ, ನಾಲ್ಕು ದಿನ ಬಿಟ್ಟು ಜನ ಮರೆಯುತ್ತಾರೆ. ನನಗೆ ಬೇಕಾಗಿದ್ದದ್ದು ಕ್ಷಮೆಯಲ್ಲ. ಅವನ ಬಾಯಿಂದ ಇನ್ನು ಮುಂದೆ ಯಾವ ಆಂಪಿನ ಮಾತೂ ಹೊರಡಬಾರದು, ಅಷ್ಟೇ.

ಅವನ ಒಂದು ಅಭ್ಯಾಸ ನನಗೆ ಗೊತ್ತಿತ್ತು. ದೊಡ್ಡ ಹೆಡ್‌ಫೋನ್ ಹಾಕಿಕೊಂಡರೆ ಮಧ್ಯದಲ್ಲಿ ವೈರು ಸರಿಮಾಡುವವನಂತೆ ತೆಗೆದು ತಿರುಗಿಸಿ ಹಾಕಿಕೊಳ್ಳುತ್ತಾನೆ. ಎಡದ್ದನ್ನು ಬಲಗಿವಿಯಲ್ಲಿ ಕೇಳಿ ಆಮೇಲೆ ಮಾತಾಡುತ್ತಾನೆ. ಇಯರ್‌ಫೋನಿನಲ್ಲಿ ಆ ಆಟ ನಡೆಯುವುದಿಲ್ಲ. ಅವನ ಇಯರ್‌ಫೋನ್ ಕಿವಿಯ ತಿರುವಿಗೆ ತಕ್ಕ ಆಕಾರದ್ದು, ಯಾರು ಹಾಕಿಕೊಂಡರೂ ಎಡದ್ದು ಬಲಕ್ಕೆ ಕೂರುವುದೇ ಇಲ್ಲ. ಗಿಂಡಿಗೆ ಕೆಟ್ಟ ಹೆಸರು ತರಲು ಅವನು ಆರಿಸಿಕೊಂಡ ಜೋಡಿಯೇ ಅವನ ಕೊರಳಿಗೆ ಬೀಳಲಿ ಎಂದುಕೊಂಡೆ.

ರಾಮನಗರದಲ್ಲಿ ಜಯಕುಮಾರ್ ಎಂಬವರ ಫೋಟೊ ಸ್ಟುಡಿಯೋ ಇದೆ. ಅದರ ಮಾಳಿಗೆಯಲ್ಲಿ ತಿಂಗಳಿಗೊಂದು ಭಾನುವಾರ ಆಡಿಯೋ ಹುಚ್ಚಿನವರು ಸೇರುತ್ತಾರೆ, ಮಾಗಡಿಯಿಂದ, ಕನಕಪುರದಿಂದಲೂ ಬರುತ್ತಾರೆ. ಜಯಕುಮಾರ್ ಮೂಲಕ ನರೇಂದ್ರನಿಗೆ ಹೇಳಿ ಕಳಿಸಿದೆ. ಗಿಂಡಿ ಮತ್ತು ಶಿಖರ ಎರಡನ್ನೂ ಬಟ್ಟೆ ಮುಚ್ಚಿ ಇಡೋಣ, ಸದ್ದನ್ನು ಮೀಟರಿನಲ್ಲಿ ಅಳೆದು ಸಮ ಮಾಡೋಣ, ಇಯರ್‌ಫೋನ್ ನಿನ್ನದೇ ಇರಲಿ, ಕ್ಯಾಮೆರಾನೂ ನೀನೇ ತಾ. ಅವನಿಗೆ ನಾನು ಬೇಡುವ ದನಿಯಲ್ಲಿದ್ದೇನೆ ಅನ್ನಿಸಿರಬೇಕು. ಒಪ್ಪಿಕೊಂಡ.

ಎರಡು ಆಂಪುಗಳನ್ನೂ ಬದಲಾಯಿಸಿ ಕೇಳಿಸಲು ನಾನೊಂದು ಪೆಟ್ಟಿಗೆ ಮಾಡಿದೆ. ಮುಂದೆ ದೊಡ್ಡ ತಿರುಗುಗುಬ್ಬಿ, ಅದನ್ನು ಶೋಯೆಬ್ ಕೆಂಪು ಹಳದಿ ಅರಗಿನಲ್ಲಿ ಕಡೆದುಕೊಟ್ಟ. ಹಿಂದೆ, ನನ್ನ ಬೆರಳಿಗೆ ಮಾತ್ರ ಎಟುಕುವಂತೆ, ಅಕ್ಕಿಕಾಳಿನಷ್ಟು ದೊಡ್ಡ ಒಂದು ಸ್ವಿಚ್ಚು. ಅದನ್ನು ಒತ್ತಿದರೆ ಎಡಗಡೆಯ ಸದ್ದು ಪೂರ್ತಿ ಬಂದ್.

ಕೇಳಿಸುವ ಹಾಡೂ ನನ್ನದೇ. ವಿರೂಪಾಕ್ಷಿಪುರದಲ್ಲಿ ನನ್ನ ಸೋದರತ್ತೆ ಕಾವೇರಮ್ಮ ಇದ್ದಾಳೆ. ಅವಳನ್ನು ರಾಗಿಕಲ್ಲಿನ ಮುಂದೆ ಕೂರಿಸಿ ಹಾಡಿಸಿದೆ. ಒಂದು ಮೈಕು ಅವಳ ಬಾಯಿಗೆ, ಒಂದು ಕಲ್ಲಿಗೆ. ಇಯರ್‌ಫೋನ್ ಹಾಕಿಕೊಂಡರೆ ಎಡಕ್ಕೆ ಅತ್ತೆಯ ದನಿ, ಬಲಕ್ಕೆ ಕಲ್ಲಿನ ಗರಗರ. ಯಾಕವ್ವ ಇದು ಎಂದು ಕೇಳಿದಳು. ಒಬ್ಬರ ಕಿವಿ ಪರೀಕ್ಷೆ ಮಾಡಕ್ಕೆ ಎಂದೆ. ಸುಳ್ಳು ಹೇಳಲಿಲ್ಲ.

ತೀರ್ಪು ಹೇಳುವುದು ಹೇಗೆ ಎಂಬ ಪ್ರಶ್ನೆ ಬಂತು. ಒಬ್ಬ ಬಾಯಿಬಿಟ್ಟರೆ ಉಳಿದವರು ಅದನ್ನೇ ಹಾಡುತ್ತಾರೆ, ಅದರಲ್ಲೂ ನರೇಂದ್ರ ಎದುರಿಗೆ ಕೂತಿದ್ದರೆ. ಅದಕ್ಕೆ ಮಾಗಡಿಯಿಂದ ಮುನಿಶಾಮಯ್ಯನನ್ನು ಕರೆಸಿದೆ. ಅವನು ದನದ ದಲ್ಲಾಳಿ, ಎಪ್ಪತ್ತು ದಾಟಿದವನು. ಎತ್ತಿನ ವ್ಯಾಪಾರದಲ್ಲಿ ಟವಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಬೆಲೆ ಹೇಳುವುದು, ಪಕ್ಕದಲ್ಲಿ ನಿಂತವನಿಗೂ ತಿಳಿಯದ ಹಾಗೆ. ಇಲ್ಲೂ ಹಾಗೇ, ಒಂದನೆಯ ಆಂಪ್ ಇಷ್ಟವಾದವರು ಒಂದು ಬೆರಳು ಒತ್ತಲಿ, ಎರಡನೆಯದಾದರೆ ಎರಡು. ಮುನಿಶಾಮಯ್ಯನಿಗೆ ಆಂಪೆಂದರೇನೆಂದು ತಿಳಿಯದು, ಅದೇ ನನಗೆ ಬೇಕಾಗಿತ್ತು.

ಭಾನುವಾರ ಶೋಯೆಬ್‌ನ ಕೈಯಲ್ಲಿ ಪೆಟ್ಟಿಗೆ ಹೊರಿಸಿಕೊಂಡು ಹೋದೆ. ಹನ್ನೊಂದು ಗಂಟೆಗೆ ತೀರ್ಪು ಹೇಳುವ ಹನ್ನೊಂದು ಜನ ಸೇರಿದರು, ನರೇಂದ್ರನೂ ಸೇರಿ. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ನನ್ನನ್ನು ನೋಡಿ ಚೆನ್ನಾಗಿದ್ದೀಯಾ ಎಂದ. ಚೆನ್ನಾಗಿದ್ದೇನೆ ಎಂದೆ. ಎಲ್ಲರ ಎದುರಿಗೆ ಮೀಟರಿಟ್ಟು ಎರಡರ ಸದ್ದನ್ನೂ ಸಮ ಮಾಡಿದೆ. ಶಿಖರವನ್ನು ಆನ್ ಮಾಡಿದಾಗ ಅದೂ ಸುಮ್ಮನಿತ್ತು. ನಾನು ಮನಸ್ಸಿನಲ್ಲೇ ಎಣಿಸಿದೆ, ನಾಲ್ಕಕ್ಕೆ ಟಕ್ ಎಂದಿತು. ಗಿಂಡಿಯ ನಾಲ್ಕು ಸೆಕೆಂಡನ್ನು ನೋಡಿ ನಕ್ಕವನು ಅದನ್ನೂ ಕದ್ದಿದ್ದಾನೆ, ಕಳ್ಳ ಎಂದುಕೊಂಡೆ. ನನ್ನ ಮನಸ್ಸು ಇನ್ನಷ್ಟು ಗಟ್ಟಿಯಾಯಿತು.

ಗಿಂಡಿಯ ಸ್ವಿಚ್ಚು ಈ ಸಲ ಕೆಳಕ್ಕಿತ್ತು, ಬುಸ್ ಎನ್ನುವ ಸದ್ದು ಹುಡುಕಿದರೂ ಇರಲಿಲ್ಲ. ಒಬ್ಬೊಬ್ಬರೇ ಬಂದು ಕೂತು ಕೇಳಿದರು. ಕಲ್ಲಿನ ಸದ್ದು ಬಲದಲ್ಲಿ ಎಷ್ಟು ಹತ್ತಿರ, ಎಡದಲ್ಲಿ ಅಜ್ಜಿ ಉಸಿರು ಎಳೆಯುವುದೂ ಕೇಳುತ್ತದೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನರೇಂದ್ರ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ, ಬಲಗಿವಿಯನ್ನು ಅತ್ತ ತಿರುಗಿಸಿಕೊಂಡು. ತನ್ನ ಸರದಿ ಬಂದಾಗ ಅವನೂ ಕೇಳಿ, ಟವಲ್ಲಿನೊಳಗೆ ಕೈ ಹಾಕಿ ಎದ್ದ. ಅಲ್ಲಿಯವರೆಗೆ ಎಲ್ಲವೂ ನ್ಯಾಯವಾಗಿಯೇ ನಡೆಯಿತು. ಎಣಿಕೆ ಮಾಡಿ ಮನೆಗೆ ಹೋಗಬಹುದಿತ್ತು.

ಎಣಿಸುವ ಮುಂಚೆ ನರೇಂದ್ರ ಇನ್ನೊಂದು ಸಲ ಕೇಳಿ ಕ್ಯಾಮೆರಾಗೆ ಎರಡು ಮಾತು ಹೇಳಲಿ, ಮೂರು ಲಕ್ಷ ಜನ ಕಾಯುತ್ತಿದ್ದಾರೆ ಎಂದೆ. ಅವನಿಗೆ ಹಿತವಾಯಿತು. ಕೂತು ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ. ನಾನು ಪೆಟ್ಟಿಗೆಯ ಹಿಂದೆ ಬೆರಳಿಟ್ಟು ಅಕ್ಕಿಕಾಳನ್ನು ಒತ್ತಿದೆ. ಒತ್ತುವಾಗ ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆದರೆ ನೀವು ನನ್ನನ್ನು ಮೆಚ್ಚಬಹುದು, ಆದರೆ ನಡುಗಲಿಲ್ಲ.

ಅವನು ಚಾನೆಲ್ಲಿನ ಇಸ್ತ್ರಿ ಮಾಡಿದ ಕನ್ನಡದಲ್ಲಿ ಮಾತಾಡಿದ. "ಬಲಭಾಗದಲ್ಲಿ ಬೀಸುವ ಕಲ್ಲು ಎಷ್ಟು ಸ್ಪಷ್ಟವಾಗಿದೆ ನೋಡಿ. ಎಡಭಾಗದಲ್ಲಿ ಆ ತಾಯಿಯ ದನಿ, ಉಸಿರು ಎಳೆದುಕೊಳ್ಳೋದೂ ಕೇಳಿಸ್ತಿದೆ. ಎದುರಿಗೇ ಕೂತು ಹಾಡ್ತಿರೋ ಹಾಗಿದೆ."

ಅವನು ಇನ್ನೂ ಮಾತಾಡಲಿ ಎಂದು ಬಿಟ್ಟೆ. ದನಿಯ ಬಿಸುಪು ಎಂದ, ಮಣ್ಣಿನ ಗುಣ ಎಂದ. ಆಮೇಲೆ ಇಯರ್‌ಫೋನನ್ನು ಶೋಯೆಬ್‌ಗೆ ಕೊಡಲು ಹೇಳಿದೆ. ಶೋಯೆಬ್‌ಗೆ ನಾನು ಏನೂ ತಿಳಿಸಿರಲಿಲ್ಲ. ಅವನು ಹಾಕಿಕೊಂಡು ಒಂದು ನಿಮಿಷ ಕೇಳಿ, ಎಡದ್ದನ್ನು ಕಿವಿಗೆ ಒತ್ತಿ, ನನ್ನ ಮುಖ ನೋಡಿದ.

"ಹಾಡೇ ಇಲ್ವಲ್ಲ ಅಕ್ಕ. ಬರೀ ಕಲ್ಲು ತಿರುಗ್ತಾ ಐತೆ."

ಜಯಕುಮಾರ್ ತಾವೂ ಕೇಳಿದರು. ಇನ್ನಿಬ್ಬರು ಕೇಳಿದರು. ನಾನು ಪೆಟ್ಟಿಗೆಯನ್ನು ತಿರುಗಿಸಿ ಸ್ವಿಚ್ಚನ್ನು ತೋರಿಸಿದೆ. ಎಡಗಡೆ ಸದ್ದನ್ನು ನಾನೇ ನಿಲ್ಲಿಸಿದ್ದೆ, ಇಲ್ಲದ ಹಾಡನ್ನು ಇವನು ಹೊಗಳಿದ, ಯಾಕೆಂದರೆ ಇವನ ಎಡಗಿವಿ ಕಿವುಡು ಎಂದೆ. ಮೂರು ತಿಂಗಳಿಂದ ಬಾಯಿಪಾಠ ಮಾಡಿದ್ದ ಮಾತು, ಒಂದು ಅಕ್ಷರವೂ ತಪ್ಪಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು, ಆಫ್ ಮಾಡಲು ಯಾರಿಗೂ ತೋಚಲಿಲ್ಲ. ನರೇಂದ್ರನ ಮುಖ ನೋಡಿದೆ. ನೋಡುವುದಕ್ಕೆಂದೇ ಅಷ್ಟೆಲ್ಲ ಮಾಡಿದ್ದಲ್ಲವೇ, ಕಣ್ಣು ತುಂಬ ನೋಡಿದೆ. ಬಿಳಿಚಿಕೊಂಡಿತ್ತು. ನನಗೆ ಖುಷಿಯಾಯಿತು.

ಆಗ ಜಯಕುಮಾರ್ ಮೆಲ್ಲಗೆ, ಬೈಯುವ ದನಿಯಲ್ಲಲ್ಲ, ಅವನನ್ನು ಕೇಳಿದರು. "ಯಾವಾಗ್ನಿಂದ ಹಿಂಗೆ, ನರೇಂದ್ರ?"

ಈಗ ಹೇಳಲೇಬೇಕು. ಹನ್ನೊಂದು ವರ್ಷದ ಹಿಂದೆ ಮೊದಲ ಗಿಂಡಿಯ ಬೆಸುಗೆ ಮುಗಿದ ದಿನ, ಅವನು ಹೆಡ್‌ಫೋನಿನ ಒಂದು ಬಟ್ಟಲನ್ನು ಎಡಗಿವಿಗೆ ಒತ್ತಿ ಹಿಡಿದು, ವಾಲ್ಯೂಮ್ ಪೂರ್ತಿ ಇದೆ, ಇಳಿಸುವವರೆಗೆ ತಾಳು ಎಂದ. ನನಗೆ ತಾಳ್ಮೆ ಇರಲಿಲ್ಲ. ಮೊದಲ ಸದ್ದು ಕೇಳುವ ಆಸೆ. ಪ್ಲಗ್ ಹಾಕಿಬಿಟ್ಟೆ. ಆ ಒದೆಯ ಸದ್ದು ಕೋಣೆಯ ಈ ಕಡೆ ನಿಂತ ನನಗೇ ಕೇಳಿತು. ಅವನು ಕೂಗಲಿಲ್ಲ, ಸುಮ್ಮನೆ ನೆಲದ ಮೇಲೆ ಕೂತ. ನರ ಹೋಗಿದೆ, ಬರುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವನು ಹೇಳಿದ್ದು ಒಂದೇ ಮಾತು, ಯಾರ್ಗೂ ಹೇಳ್ಬ್ಯಾಡ ಕಣೆ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಮುಂದಿನ ಗಿಂಡಿಯಲ್ಲಿ ನಾನು ನಾಲ್ಕು ಸೆಕೆಂಡಿನ ಕೊಂಡಿ ಕೂರಿಸಿದೆ. ಅವನು ನೋಡಿ, ಒಳ್ಳೇದು ಎಂದ.

ಇದನ್ನು ನಾನು ಮರೆತಿರಲಿಲ್ಲ. ಆ ಮೂರು ತಿಂಗಳು ಪ್ರತಿದಿನ ನೆನೆಸಿಕೊಂಡಿದ್ದೆ. ಕಿವಿ ಹೋದದ್ದು ನನ್ನ ತಪ್ಪಿನಿಂದ, ಆ ನಾಲ್ಕು ಸೆಕೆಂಡಿಗೆ ಅವನು ನಕ್ಕದ್ದು ಬೇಕೆಂದು, ಎರಡೂ ಒಂದೇ ಅಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡಿದ್ದೆ. ಅವನು ಸಿಕ್ಕಿಬಿದ್ದಾಗ ನನ್ನ ಹೆಸರು ಹೇಳುತ್ತಾನೆ ಎಂದೂ ತಯಾರಾಗಿದ್ದೆ. ಹೇಳಲಿ. ಹೌದು, ನಾನೇ, ಅದಕ್ಕೇ ಕೊಂಡಿ ಕೂರಿಸಿದೆ, ಅದನ್ನು ನೋಡಿ ನೀನು ನಕ್ಕೆ ಎಂದು ಅಲ್ಲೇ ಮುಖಕ್ಕೆ ಹೇಳಬೇಕೆಂದಿದ್ದೆ. ಆ ಉತ್ತರವೂ ಬಾಯಿಪಾಠವಾಗಿತ್ತು.

ನರೇಂದ್ರ ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ನನ್ನ ಕಡೆ ಒಂದು ಸಲ ನೋಡಿದ. ಇಸ್ತ್ರಿಯ ಕನ್ನಡ ಹೋಗಿ ಸಾತನೂರಿನದು ಬಂತು.

"ಹುಟ್ಟಿದಾಗ್ನಿಂದ ಹಿಂಗೇಯ ಸಾರ್," ಎಂದ.

ನನ್ನ ಬಾಯಿಪಾಠ ಬಾಯಲ್ಲೇ ಉಳಿಯಿತು. ಅವನು ಇಯರ್‌ಫೋನನ್ನು ಡಬ್ಬಿಗೆ ಹಾಕಿ, ಕ್ಯಾಮೆರಾ ಮಡಚಿ, ಮುನಿಶಾಮಯ್ಯನಿಗೆ ಕೈ ಮುಗಿದು ಮೆಟ್ಟಿಲಿಳಿದ. ಶಿಖರವನ್ನು ಮೇಜಿನ ಮೇಲೇ ಬಿಟ್ಟು ಹೋದ. ಆಮೇಲೆ ಮುನಿಶಾಮಯ್ಯ ಎಣಿಕೆ ಹೇಳಿದ. ಹನ್ನೊಂದು ಜನರಲ್ಲಿ ಒಂಬತ್ತು ಜನ ಗಿಂಡಿಗೆ ಒತ್ತಿದ್ದರು. ಯಾರೋ ಇಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು.

ಮುನಿಶಾಮಯ್ಯನನ್ನು ಮಾಗಡಿ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ದಾರಿಯುದ್ದಕ್ಕೂ ತಡೆದುಕೊಂಡು, ಬಸ್ಸು ಬಂದಾಗ ಕೇಳಿಯೇಬಿಟ್ಟೆ. ಆ ಬಿಳಿ ಅಂಗಿಯವನು ಎಷ್ಟು ಬೆರಳು ಒತ್ತಿದ? ತನ್ನದಕ್ಕೋ ನನ್ನದಕ್ಕೋ? ಮುದುಕ ಟವಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

"ಟವಲ್ ಕೆಳ್ಗೆ ಹೇಳಿದ್ದು ನನಗೆ ಹೇಳಿದ್ದು ಕಣವ್ವ. ಅದ ನಿನಗೆ ಹೇಳಕ್ಕಾಯ್ತದಾ? ನಲವತ್ತು ವರ್ಸ ಆಯ್ತು, ಒಬ್ರುದೂ ಹೇಳಿಲ್ಲ ನಾನು." ಅಷ್ಟು ಹೇಳಿ ಬಸ್ಸು ಹತ್ತಿದ.

ಯಾರೋ ಮೊಬೈಲಿನಲ್ಲೂ ವಿಡಿಯೋ ತೆಗೆದಿದ್ದರಂತೆ, ಅದು ಎರಡು ದಿನದಲ್ಲಿ ಎಲ್ಲ ಕಡೆ ಹಬ್ಬಿತು. ನರೇಂದ್ರ ಚಾನೆಲ್ ಮುಚ್ಚಿದ. ಹುಟ್ಟುಗಿವುಡನೊಬ್ಬ ಇಷ್ಟು ದಿನ ಜನರನ್ನು ಏಮಾರಿಸಿದ ಎಂದು ಬರೆದರು, ಅದರ ಕೆಳಗೆ ಸಾವಿರಾರು ಜನ ನಕ್ಕರು. ನಾನು ಬಯಸಿದ್ದು ಅಷ್ಟೂ ಆಯಿತು. ಆರ್ಡರುಗಳು ಬಂದವು, ಶೋಯೆಬ್ ಭರಣಿಗಳ ಮುಚ್ಚಳ ತೆಗೆದುಹಾಕಿ ಮತ್ತೆ ಗಿಂಡಿ ಕಡೆಯುತ್ತಿದ್ದಾನೆ. ಆದರೆ ಅವತ್ತಿನಿಂದ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವುದಿಲ್ಲ.

ನರೇಂದ್ರ ಮಾಡಿದ್ದು ಮೋಸವೇ, ಅದರಲ್ಲಿ ಎರಡು ಮಾತಿಲ್ಲ. ಈಗಲೂ ಆ ನಗು ನೆನಪಾದರೆ ಮೈ ಉರಿಯುತ್ತದೆ. ಆದರೆ ಅವನು ನನ್ನ ಹೆಸರು ಹೇಳಬೇಕಿತ್ತು. ಹೇಳಿದ್ದರೆ ನಾವಿಬ್ಬರೂ ಸಮವಾಗುತ್ತಿದ್ದೆವು. ಆ ಒಂದು ಸುಳ್ಳಿನ ಭಾರವನ್ನು ನನ್ನ ಮೇಲೆ ಹೊರಿಸಿ ಹೋದ, ಅದನ್ನು ಇಳಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಸಾತನೂರಿಗೆ ಎರಡು ಸಲ ಬಸ್ಸು ಹತ್ತಿದೆ, ಎರಡು ಸಲವೂ ನಡುದಾರಿಯಲ್ಲೇ ಇಳಿದು ವಾಪಸ್ಸು ಬಂದೆ.

ಹೊಸ ಗಿಂಡಿ ತಯಾರಾದಾಗ ಮೊದಲು ಕೇಳುವವಳು ನಾನೇ. ಎಡಗಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ಆನ್ ಮಾಡುತ್ತೇನೆ. ಮುಂಚೆ ಆ ನಾಲ್ಕು ಸೆಕೆಂಡಿನಲ್ಲಿ ಏನೂ ಇರುತ್ತಿರಲಿಲ್ಲ. ಈಗ ಅಷ್ಟರೊಳಗೆ ಅವನು ವೈರು ಸುತ್ತಿ, ಬಿಚ್ಚಿ, ನನ್ನ ಕಡೆ ನೋಡಿ, ಹುಟ್ಟಿದಾಗ್ನಿಂದ ಹಿಂಗೇಯ ಸಾರ್ ಎನ್ನುತ್ತಾನೆ. ಆಮೇಲೆ ಟಕ್ ಎನ್ನುತ್ತದೆ.